ಹೊಟ್ಟೆ ಕಿರಿದಾದರೆ ಸಾಕೇ?

ಬೊಜ್ಜಿಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಮನಶ್ಶಾಸ್ತ್ರಜ್ಞರನ್ನು ಕಾಣಿರೆಂದರೆ, “ನನಗೇನು ಹುಚ್ಚೇ?” ಎಂದು ಸಿಡುಕುವವರುಂಟು. ಇದು ಹುಚ್ಚಿನ ಪರೀಕ್ಷೆಯಲ್ಲ. ಶಸ್ತ್ರವು ಜಠರವನ್ನು ಕಿರಿದು ಮಾಡೀತು. ದುಃಖಕ್ಕೂ ಬೇಸರಕ್ಕೂ ಉಣ್ಣುವ ಅಭ್ಯಾಸವನ್ನು ಕತ್ತರಿಸಲಾರದು. ರೋಗಿಯನ್ನು ಆರಿಸುವ ತಂಡದಲ್ಲಿ ಮನೋವೈದ್ಯ ಪರಿಣತಿಯೂ ಇರಬೇಕೆಂದು ಅಮೆರಿಕದ ತಜ್ಞರ ಸಭೆಯೊಂದು 1991ರಲ್ಲಿಯೇ ಹೇಳಿತು.

ಹಸಿವಿಲ್ಲದೆಯೂ ಹಿಡಿತ ತಪ್ಪಿ ತಿನ್ನುವಿರಾ? ಮನಸ್ಸು ಕುಗ್ಗಿದೆಯೇ? ಮದ್ಯಪಾನವುಂಟೇ? ಕೊನೆಯ ಪ್ರಶ್ನೆ ಸುಮ್ಮನಲ್ಲ. ಜಠರದ ಬೈಪಾಸ್ ಆದವರಿಗೆ ಮದ್ಯ ಬೇಗನೆ ನೆತ್ತಿಗೇರುತ್ತದೆ.

ಮನೆಯವರ ಬೆಂಬಲವನ್ನೂ ವಿಚಾರಿಸುತ್ತಾರೆ. ಕುಮಟಾ ತಾಲೂಕಿನ ಕತಗಾಲದಂತಹ ಊರಿನವರು ಚಿಕಿತ್ಸೆಯಾದ ಮೇಲೆ ಮರಳುವುದು ಹಬ್ಬದೂಟದ ಒತ್ತಾಯಕ್ಕೇ ಅಲ್ಲವೇ? ಮಿತವಾದ ತುತ್ತು, ಜೀವಮಾನವಿಡೀ ವಿಟಮಿನ್ ಗುಳಿಗೆ, ದೂರದ ಆಸ್ಪತ್ರೆಯಲ್ಲಿ ಆಗಾಗ ತಪಾಸಣೆ: ಇವಕ್ಕೆಲ್ಲ ಮನಸ್ಸು ಒಪ್ಪಬೇಕು. ಒಪ್ಪದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ಎಷ್ಟೋ ವೇಳೆ ಮೊದಲು ಮನಕ್ಕೆ ಮದ್ದು, ಅನಂತರ ಶಸ್ತ್ರ.