ನಿಮಗಿದು ಗೊತ್ತೆ? ಫಿಶ್ ಅಂಡ್ ಚಿಪ್ಸ್‌ಗೆ ಕಡಲೇ ಬೇಕಿಲ್ಲ

ಇಂಗ್ಲೆಂಡಿನಲ್ಲಿ 1860ರ ದಶಕದಲ್ಲಿ ಶುರುವಾದ ಫಿಶ್ ಅಂಡ್ ಚಿಪ್ಸ್ (ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಕರಿದ ಆಲೂಗಡ್ಡೆ) ಅಂಗಡಿಗಳು ಕಡಲಿಂದ ದೂರದ ಲ್ಯಾಂಕಾಶೈರ್ ಗಿರಣಿ ಊರುಗಳಲ್ಲೂ ಬೆಳೆದವು. ಮಂಜುಗಡ್ಡೆಯಲ್ಲಿಟ್ಟ ಮೀನನ್ನು ರೈಲು ಅಲ್ಲಿಗೆ ತಲುಪಿಸುತ್ತಿತ್ತು. ಹಾಗಾದರೆ ಕೃಷ್ಣಾ, ಭೀಮಾ ನದಿಗಳ ನಡುವಿನ ಶಹಾಪುರ ಸೀಮೆಯ ದೋರನಹಳ್ಳಿಗೇಕೆ ಇದು ದೂರದ ಊಟವಾಗಬೇಕು? ಹೊಳೆಮೀನಿಗೆ ಮುಳ್ಳು ಹೆಚ್ಚೆಂಬ ಆಕ್ಷೇಪ ರೋಹು, ಕಾಟ್ಲಾಗಳ ಮಟ್ಟಿಗೆ ನಿಜ. ಆದರೆ ಕೊರವ ಮೀನಿನಲ್ಲಿ ಸಣ್ಣ ಮುಳ್ಳಿನ ಕಾಟ ಕಡಿಮೆ. ಉಳಿದದ್ದು ಎಣ್ಣೆಯ ಕೆಲಸ: ಚೆನ್ನಾಗಿ ಕಾದಿದ್ದರೆ ಹಿಟ್ಟಿನ ನೀರು ಆವಿಯಾಗಿ ಹೊರನುಗ್ಗಿ ಎಣ್ಣೆಯನ್ನು ತಡೆಯುತ್ತದೆ, ಒಳಗಿನ ಮೀನು ಹಬೆಯಲ್ಲೇ ಬೇಯುತ್ತದೆ. ಮಿರ್ಚಿ ಭಜಿ ಕರಿಯುವ ನಮ್ಮ ಕೈಗಳಿಗೆ ಈ ಹದ ಹೊಸದಲ್ಲ. ಬೇಕಿರುವುದು ಅದೇ ದಿನ ಹಿಡಿದ ಮೀನು ಮತ್ತು ಮತ್ತೆ ಮತ್ತೆ ಕಾಯಿಸದ ಎಣ್ಣೆ.