ಆರೋಗ್ಯ ಮತ್ತು ಸಾಮಾಜಿಕ ಆರೈಕೆ (ಬ್ರಿಟನ್ನಿನ ಕಾಲೇಜು ವ್ಯಾಸಂಗ)

ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಎಂಬುದು ಯುನೈಟೆಡ್ ಕಿಂಗ್‌ಡಮ್‌ನ ಶಾಲಾ-ಕಾಲೇಜುಗಳಲ್ಲಿ ಬೋಧಿಸಲಾಗುವ ಒಂದು ವೃತ್ತಿಸಂಬಂಧಿ ಅಧ್ಯಯನ ವಿಷಯ. ರೋಗಿಗಳು, ವೃದ್ಧರು, ವಿಕಲಚೇತನರು, ಮಕ್ಕಳು ಹಾಗೂ ಮಾನಸಿಕ ಅಸ್ವಾಸ್ಥ್ಯವುಳ್ಳವರ ದೈನಂದಿನ ಬದುಕಿಗೆ ನೆರವಾಗುವ ಜ್ಞಾನ, ಕೌಶಲ ಮತ್ತು ನಡವಳಿಕೆಯನ್ನು ಇದು ಕಲಿಸುತ್ತದೆ. ಸಾಮಾನ್ಯವಾಗಿ 16 ವರ್ಷ ತುಂಬಿದ ವಿದ್ಯಾರ್ಥಿಗಳು ಎರಡು ವರ್ಷಗಳ ಕಾಲ ಇದನ್ನು ವ್ಯಾಸಂಗ ಮಾಡುತ್ತಾರೆ. ಶುಶ್ರೂಷೆ, ಸಮಾಜಕಾರ್ಯ ಮೊದಲಾದ ಪದವಿಗಳಿಗೆ ಇದು ಮೆಟ್ಟಿಲಾಗಬಲ್ಲದು. ಆದರೆ ಈ ಪ್ರಮಾಣಪತ್ರವೊಂದರಿಂದಲೇ ಯಾರೂ ನರ್ಸ್ ಅಥವಾ ಸಮಾಜಕಾರ್ಯಕರ್ತ ಎನಿಸಿಕೊಳ್ಳಲಾಗದು.

ಹೆಸರಿನ ಹಿನ್ನೆಲೆ

ವಿಷಯದ ಹೆಸರಿನಲ್ಲಿರುವ ಎರಡು ಭಾಗಗಳು ಬ್ರಿಟನ್ನಿನ ಕಲ್ಯಾಣ ವ್ಯವಸ್ಥೆಯ ಎರಡು ಕವಲುಗಳನ್ನು ಸೂಚಿಸುತ್ತವೆ. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು (ಎನ್.ಎಚ್.ಎಸ್.) ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ತತ್ತ್ವವನ್ನು ಅಂಗೀಕರಿಸಿತು. ಅದೇ ವರ್ಷದ ರಾಷ್ಟ್ರೀಯ ನೆರವು ಕಾಯಿದೆಯು ವೃದ್ಧರ ಮತ್ತು ವಿಕಲಚೇತನರ ವಸತಿ-ಪಾಲನೆಯ ಹೊಣೆಯನ್ನು ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ವಹಿಸಿತು. ಈ ಎರಡನೆಯ ಕವಲೇ ಸಾಮಾಜಿಕ ಆರೈಕೆ. ಇದು ಎಲ್ಲರಿಗೂ ಉಚಿತವಲ್ಲ. ಫಲಾನುಭವಿಯ ಆದಾಯ ಮತ್ತು ಆಸ್ತಿಯನ್ನು ಪರಿಶೀಲಿಸಿ ನೆರವನ್ನು ನಿರ್ಧರಿಸಲಾಗುತ್ತದೆ. ಇಂಗ್ಲೆಂಡಿನಲ್ಲಿ 2010ರಿಂದ 23,250 ಪೌಂಡುಗಳಿಗಿಂತ ಹೆಚ್ಚಿನ ಉಳಿತಾಯ ಮತ್ತು ಆಸ್ತಿ ಉಳ್ಳವರು ಸಾಮಾನ್ಯವಾಗಿ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕಾಗಿದೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸೊಂಟದ ಮೂಳೆ ಮುರಿದ ವೃದ್ಧೆಯೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡುವುದು, ಔಷಧ ಕೊಡುವುದು, ನಡಿಗೆಯ ವ್ಯಾಯಾಮ ಮಾಡಿಸುವುದು ಆರೋಗ್ಯ ಸೇವೆಯ ಕೆಲಸ. ಅವರು ಮನೆಗೆ ಮರಳಿದ ಮೇಲೆ ಸ್ನಾನ, ಉಡುಗೆ, ಅಡುಗೆಗಳಿಗೆ ನೆರವಾಗುವುದು, ಸ್ನಾನಗೃಹದಲ್ಲಿ ಹಿಡಿಕಂಬಿ ಹಾಕಿಸುವುದು, ಒಂಟಿತನ ಕಾಡದಂತೆ ನೋಡಿಕೊಳ್ಳುವುದು ಸಾಮಾಜಿಕ ಆರೈಕೆ. ಆಡಳಿತವು ಇವನ್ನು ಎರಡಾಗಿ ಕಂಡರೂ ಆ ವೃದ್ಧೆಗೆ ಅದು ಒಂದೇ ಬದುಕು. ಎರಡನ್ನೂ ಒಟ್ಟಾಗಿ ನೋಡುವ ದೃಷ್ಟಿಯನ್ನು ಬೆಳೆಸುವುದೇ ಈ ವ್ಯಾಸಂಗದ ಮುಖ್ಯ ಉದ್ದೇಶ.

ಅರ್ಹತೆಯ ಹಂತಗಳು

ಇಂಗ್ಲೆಂಡಿನ ಅರ್ಹತಾ ಚೌಕಟ್ಟಿನಲ್ಲಿ ಪ್ರವೇಶ ಹಂತದ ಮೇಲೆ 1ರಿಂದ 8ರವರೆಗಿನ ಹಂತಗಳಿವೆ. ಈ ವಿಷಯವನ್ನು ಹಲವು ಹಂತಗಳಲ್ಲಿ ಓದಬಹುದಾದರೂ ಕಾಲೇಜಿನಲ್ಲಿ ಹೆಚ್ಚು ಪರಿಚಿತವಾದುದು ಮೂರನೆಯ ಹಂತ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಅಗತ್ಯವಾದ ಎ-ಲೆವೆಲ್ ಪರೀಕ್ಷೆಯೂ ಇದೇ ಹಂತಕ್ಕೆ ಸೇರಿದೆ.

ಮೂರನೆಯ ಹಂತದ ಅರ್ಹತೆಗಳಲ್ಲಿ ಪಿಯರ್ಸನ್ ಸಂಸ್ಥೆ ನೀಡುವ ಬಿ.ಟಿ.ಇ.ಸಿ. ನ್ಯಾಷನಲ್ ಪ್ರಸಿದ್ಧವಾಗಿದೆ. ಇದನ್ನು ‘ಬೀಟೆಕ್’ ಎಂದು ಉಚ್ಚರಿಸುವುದರಿಂದ ಭಾರತೀಯ ಓದುಗರಲ್ಲಿ ಗೊಂದಲವುಂಟಾಗಬಹುದು, ಭಾರತದ ಬಿ.ಟೆಕ್. ಎಂಜಿನಿಯರಿಂಗ್ ಪದವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ 360 ಬೋಧನಾ ಗಂಟೆಗಳ ವಿಸ್ತೃತ ಸರ್ಟಿಫಿಕೇಟ್ ಒಂದು ಎ-ಲೆವೆಲ್‌ಗೂ, 720 ಗಂಟೆಗಳ ಡಿಪ್ಲೊಮಾ ಎರಡಕ್ಕೂ, 1080 ಗಂಟೆಗಳ ವಿಸ್ತೃತ ಡಿಪ್ಲೊಮಾ ಮೂರಕ್ಕೂ ಸಮಾನ. 2021ರಿಂದ ಆರೋಗ್ಯ ವಿಷಯದಲ್ಲಿ ಟಿ-ಲೆವೆಲ್ ಎಂಬ ಹೊಸ ಅರ್ಹತೆಯೂ ಲಭ್ಯವಾಯಿತು. ಓದನ್ನು ಅರ್ಧಕ್ಕೆ ಬಿಟ್ಟ ವಯಸ್ಕರಿಗಾಗಿ ‘ಉನ್ನತ ಶಿಕ್ಷಣ ಪ್ರವೇಶ ಡಿಪ್ಲೊಮಾ’ ಎಂಬ ಪ್ರತ್ಯೇಕ ಮಾರ್ಗವಿದೆ.

ಪಠ್ಯಕ್ರಮ

ಬಿ.ಟಿ.ಇ.ಸಿ. ಪಠ್ಯಕ್ರಮವನ್ನು ಘಟಕಗಳಾಗಿ ವಿಂಗಡಿಸಲಾಗಿದೆ. ಮೊದಲ ಘಟಕವು ಶೈಶವದಿಂದ ವೃದ್ಧಾಪ್ಯದವರೆಗಿನ ಮಾನವ ಬೆಳವಣಿಗೆಯನ್ನು ಕುರಿತದ್ದು. ಪಿಯಾಜೆಯ ಬೌದ್ಧಿಕ ವಿಕಾಸದ ಹಂತಗಳು, ಬೌಲ್ಬಿಯ ಬಾಂಧವ್ಯ ಸಿದ್ಧಾಂತ ಮೊದಲಾದವು ಇಲ್ಲಿ ಬರುತ್ತವೆ. ಆರೈಕೆ ಕ್ಷೇತ್ರದ ವಿವಿಧ ಹುದ್ದೆಗಳು ಮತ್ತು ಹೊಣೆಗಾರಿಕೆಗಳು, ಅಂಗರಚನೆ ಮತ್ತು ಶರೀರಕ್ರಿಯೆ, ಸಂಶೋಧನಾ ವರದಿಗಳ ವಿಮರ್ಶೆ, ವ್ಯಕ್ತಿಯ ಅಗತ್ಯಗಳಿಗೆ ತಕ್ಕ ಆರೈಕೆ ಇತರ ಪ್ರಮುಖ ಘಟಕಗಳು. ಕೆಲವು ಘಟಕಗಳಿಗೆ ಬಾಹ್ಯ ಪರೀಕ್ಷೆಯಿದ್ದು, ಉಳಿದವುಗಳನ್ನು ಕಾಲೇಜಿನ ಅಧ್ಯಾಪಕರೇ ನಿಯೋಜಿತ ಬರಹಗಳ ಮೂಲಕ ಮೌಲ್ಯಮಾಪನ ಮಾಡುತ್ತಾರೆ. ಫಲಿತಾಂಶವನ್ನು ಪಾಸ್, ಮೆರಿಟ್, ಡಿಸ್ಟಿಂಕ್ಷನ್ ಎಂಬ ಶ್ರೇಣಿಗಳಲ್ಲಿ ನೀಡಲಾಗುತ್ತದೆ. ನೆನಪಿನ ಶಕ್ತಿಗಿಂತ ಅನ್ವಯಿಸುವ ಶಕ್ತಿಗೆ ಇಲ್ಲಿ ಪ್ರಾಧಾನ್ಯ: ಒಂದು ಕುಟುಂಬದ ಪರಿಸ್ಥಿತಿಯನ್ನು ವಿವರಿಸಿ, ಅದಕ್ಕೆ ಯಾವ ನೆರವು ಏಕೆ ಸೂಕ್ತವೆಂದು ಸಮರ್ಥಿಸಲು ಕೇಳಲಾಗುತ್ತದೆ.

ಆರೈಕೆಯ ಮೌಲ್ಯಗಳು

ಈ ವ್ಯಾಸಂಗದ ತಿರುಳು ಅದರ ನೈತಿಕ ಭಾಗದಲ್ಲಿದೆ. ಆರೈಕೆ ಪಡೆಯುವವರ ಘನತೆ, ಗೌಪ್ಯತೆ, ಒಪ್ಪಿಗೆ ಮತ್ತು ಆಯ್ಕೆಯ ಸ್ವಾತಂತ್ರ್ಯವನ್ನು ಕಾಪಾಡುವುದು ಪ್ರತಿ ಘಟಕದಲ್ಲೂ ಮರಳಿ ಬರುವ ವಿಷಯ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯವಾಗುವ 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯ ಪ್ರಕಾರ, ಬೇರೆ ರೀತಿ ಸಿದ್ಧವಾಗುವವರೆಗೆ ಪ್ರತಿಯೊಬ್ಬ ವಯಸ್ಕನಿಗೂ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯವಿದೆಯೆಂದೇ ಭಾವಿಸಬೇಕು. ಅವಿವೇಕದ ನಿರ್ಧಾರ ಕೈಗೊಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಮಧುಮೇಹವುಳ್ಳ ಹಿರಿಯರೊಬ್ಬರು ಸಿಹಿ ತಿನ್ನಲು ಬಯಸಿದರೆ ಆರೈಕೆದಾರರು ತಿಳಿಹೇಳಬಹುದೇ ಹೊರತು ತಟ್ಟೆಯನ್ನು ಕಸಿದುಕೊಳ್ಳುವಂತಿಲ್ಲ. ಗೌಪ್ಯತೆಗೂ ಮಿತಿಯಿದೆ. ತನ್ನ ಮೈಮೇಲಿನ ಬಾಸುಂಡೆಯನ್ನು ತೋರಿಸಿ ‘ಯಾರಿಗೂ ಹೇಳಬೇಡಿ’ ಎನ್ನುವ ಮಗುವಿಗೆ ಹಾಗೆ ಮಾತು ಕೊಡಬಾರದೆಂದೂ, ವಿಷಯವನ್ನು ನಿಯೋಜಿತ ಅಧಿಕಾರಿಗೆ ತಿಳಿಸಬೇಕೆಂದೂ ವಿದ್ಯಾರ್ಥಿಗಳು ಕಲಿಯುತ್ತಾರೆ.

ಈ ಮೌಲ್ಯಗಳಿಗೆ ಒತ್ತು ಬರಲು ನಡೆದ ಘಟನೆಗಳೂ ಕಾರಣ. ಸ್ಟ್ಯಾಫರ್ಡ್ ಆಸ್ಪತ್ರೆಯ ವೈಫಲ್ಯಗಳ ಕುರಿತು ರಾಬರ್ಟ್ ಫ್ರಾನ್ಸಿಸ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 2013ರ ಫೆಬ್ರವರಿಯಲ್ಲಿ ಪ್ರಕಟವಾಗಿ, ರೋಗಿಗಳ ಆಹಾರ, ನೀರು, ಶುಚಿತ್ವದಂಥ ಮೂಲಭೂತ ಅಗತ್ಯಗಳೇ ಕಡೆಗಣಿತವಾಗಿದ್ದುದನ್ನು ಬಯಲಿಗೆ ತಂದಿತು. ಅದೇ ವರ್ಷದ ಕ್ಯಾವೆಂಡಿಷ್ ಸಮೀಕ್ಷೆಯು ಆರೈಕೆ ಸಹಾಯಕರ ತರಬೇತಿಯಲ್ಲಿ ಏಕರೂಪತೆಯಿಲ್ಲವೆಂದು ತಿಳಿಸಿತು. ಇದರ ಫಲವಾಗಿ 2015ರಲ್ಲಿ 15 ಮಾನದಂಡಗಳ ‘ಕೇರ್ ಸರ್ಟಿಫಿಕೇಟ್’ ರೂಪುಗೊಂಡಿತು. ಇದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಉದ್ಯೋಗದಾತರು ನೀಡುವ ಆರಂಭಿಕ ತರಬೇತಿ; ಕಾಲೇಜಿನ ಡಿಪ್ಲೊಮಾಗಿಂತ ಭಿನ್ನವಾದುದು.

ಕಾರ್ಯಾನುಭವ

ಬಿ.ಟಿ.ಇ.ಸಿ. ಡಿಪ್ಲೊಮಾ ಮತ್ತು ವಿಸ್ತೃತ ಡಿಪ್ಲೊಮಾ ವಿದ್ಯಾರ್ಥಿಗಳು ಕನಿಷ್ಠ 100 ಗಂಟೆಗಳ ಕಾರ್ಯಾನುಭವವನ್ನು ಪಡೆಯಬೇಕು. ಟಿ-ಲೆವೆಲ್‌ನಲ್ಲಿ ಇದು ಕನಿಷ್ಠ 315 ಗಂಟೆಗಳು. ವೃದ್ಧಾಶ್ರಮ, ಶಿಶುವಿಹಾರ, ಹಗಲು ಆರೈಕೆ ಕೇಂದ್ರ, ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ದುರ್ಬಲರ ನಡುವೆ ಕೆಲಸ ಮಾಡಬೇಕಾದುದರಿಂದ ಅಪರಾಧ ಹಿನ್ನೆಲೆಯ ತಪಾಸಣೆಯನ್ನು ಸಾಮಾನ್ಯವಾಗಿ ಮುಂಚಿತವಾಗಿ ನಡೆಸಲಾಗುತ್ತದೆ. ವಿದ್ಯಾರ್ಥಿಯು ದಿನಚರಿಯನ್ನು ಬರೆದಿಟ್ಟು ತನ್ನ ನಡವಳಿಕೆಯನ್ನು ತಾನೇ ವಿಮರ್ಶಿಸಿಕೊಳ್ಳಬೇಕು. ಈ ಕ್ಷೇತ್ರ ತನಗೆ ಒಗ್ಗುವುದೇ ಎಂಬುದು ಹಲವರಿಗೆ ಸ್ಪಷ್ಟವಾಗುವುದು ತರಗತಿಯಲ್ಲಲ್ಲ, ಈ ಅವಧಿಯಲ್ಲಿ.

ಮುಂದಿನ ಮಾರ್ಗ ಮತ್ತು ಮಿತಿಗಳು

ವಿಸ್ತೃತ ಡಿಪ್ಲೊಮಾ ಪಡೆದವರು ಶುಶ್ರೂಷೆ, ಸಮಾಜಕಾರ್ಯ, ಶಿಕ್ಷಕ ತರಬೇತಿ ಮೊದಲಾದ ಪದವಿಗಳಿಗೆ ಅರ್ಜಿ ಸಲ್ಲಿಸಬಹುದು. ಹೆಚ್ಚಿನ ವಿಶ್ವವಿದ್ಯಾಲಯಗಳು ಇದರೊಂದಿಗೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿ.ಸಿ.ಎಸ್.ಇ. ತೇರ್ಗಡೆಯನ್ನೂ ಅಪೇಕ್ಷಿಸುತ್ತವೆ. ವೈದ್ಯಕೀಯ ಪದವಿಗೆ ಇದು ಸಾಮಾನ್ಯವಾಗಿ ಸಾಲದು. ನೋಂದಾಯಿತ ನರ್ಸ್ ಆಗಲು ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್‌ನಲ್ಲಿಯೂ, ಇಂಗ್ಲೆಂಡಿನಲ್ಲಿ ಸಮಾಜಕಾರ್ಯಕರ್ತ ಎನಿಸಿಕೊಳ್ಳಲು ಸೋಷಿಯಲ್ ವರ್ಕ್ ಇಂಗ್ಲೆಂಡ್ ಸಂಸ್ಥೆಯಲ್ಲಿಯೂ ನೋಂದಣಿ ಕಡ್ಡಾಯ. ನೇರವಾಗಿ ಆರೈಕೆದಾರರಾಗಿ ಕೆಲಸಕ್ಕೆ ಸೇರುವವರೂ ಇದ್ದಾರೆ. ಹೊಣೆ ದೊಡ್ಡದಾದರೂ ವೇತನ ಕಡಿಮೆ ಎಂಬುದು ಈ ಕ್ಷೇತ್ರದ ಬಹುಕಾಲದ ಕೊರತೆ.

ಭಾರತೀಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದಂತೆ

ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಶುಶ್ರೂಷೆ ಮತ್ತು ಸಮಾಜಕಾರ್ಯಗಳು ಪ್ರತ್ಯೇಕ ಶಿಕ್ಷಣ ಮಾರ್ಗಗಳು. ಭಾರತದಲ್ಲಿ ಅರ್ಹತೆ ಪಡೆದ ನರ್ಸ್‌ಗಳು ಬ್ರಿಟನ್ನಿನಲ್ಲಿ ನರ್ಸ್ ಆಗಿ ಕೆಲಸ ಮಾಡಲು ಈ ವ್ಯಾಸಂಗವನ್ನು ಮಾಡಬೇಕಿಲ್ಲ. ಮೇಲೆ ಹೇಳಿದ ನರ್ಸಿಂಗ್ ಕೌನ್ಸಿಲ್‌ನ ಸಾಮರ್ಥ್ಯ ಪರೀಕ್ಷೆ ಮತ್ತು ಭಾಷಾ ನಿಯಮಗಳನ್ನು ಪೂರೈಸಬೇಕು. ಆರೈಕೆದಾರರ ಉದ್ಯೋಗವನ್ನು 2022ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಆರೋಗ್ಯ ಮತ್ತು ಆರೈಕೆ ವೀಸಾದ ವ್ಯಾಪ್ತಿಗೆ ತರಲಾಗಿತ್ತು. 2024ರ ಮಾರ್ಚ್‌ನಿಂದ ಹೊಸದಾಗಿ ಹೋಗುವ ಆರೈಕೆದಾರರು ಕುಟುಂಬವನ್ನು ಕರೆದೊಯ್ಯುವುದನ್ನು ನಿರ್ಬಂಧಿಸಲಾಯಿತು. 2025ರ ಜುಲೈ 22ರಿಂದ ವಿದೇಶಗಳಿಂದ ಹೊಸ ಆರೈಕೆದಾರರ ನೇಮಕಾತಿಯನ್ನೇ ನಿಲ್ಲಿಸಲಾಯಿತು. ಆದುದರಿಂದ ಈ ಪ್ರಮಾಣಪತ್ರವನ್ನು ಉದ್ಯೋಗ ವೀಸಾದ ಭರವಸೆಯೆಂದು ಭಾವಿಸುವುದು ಸರಿಯಲ್ಲ.