ಬಚ್ಚಲುಮನೆಯ ಒಂದು ವ್ಯಾಧಿಯೂ ವೈದ್ಯವಿದ್ಯಾಲಯವೂ

ಎಣ್ಣೆನೀರಿನ ಸ್ನಾನವೆಂದರೆ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ ಸರಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯಲ್ಲಿ ಹಂಡೆಯ ಒಲೆಗೆ ಸೌದೆಯೊಡ್ಡಿ, ಹೊಗೆಯಾಡುವ ನೀರನ್ನು ತಂಬಿಗೆತಂಬಿಗೆಯಾಗಿ ಮಕ್ಕಳ ನೆತ್ತಿಯ ಮೇಲೆ ಸುರಿಯುವ ವಾಡಿಕೆಯನ್ನು ಅರಿಯದ ವಾಚಕರು ವಿರಳ. ಆದರೆ ಈ ಸುಖದ ನಡುವೆಯೇ ಕೆಲವರ ದೃಷ್ಟಿಯು ಒಂದೆಡೆ ನೆಟ್ಟು, ಮಾತು ತೊದಲಿ, ಎಚ್ಚರ ತಪ್ಪುವುದುಂಟು; ಕೆಲವರಿಗೆ ಕೈಕಾಲು ಸೆಟೆದು ಅದಿರುವುದೂ ಉಂಟು. ಮನೆಯವರು ಇದನ್ನು ಗಾಳಿಯೆಂದೋ ದೃಷ್ಟಿಯೆಂದೋ ಬಗೆದು, ತಾಯಿತ ಕಟ್ಟಿಸಿ, ನೆರೆಮನೆಗೆ ತಿಳಿಯದಂತೆ ಮುಚ್ಚಿಡುವರು. ಹೆಣ್ಣುಮಗುವಾದರಂತೂ ಮುಂದಿನ ಸಂಬಂಧದ ಚಿಂತೆಯು ತಾಯಿಯ ಬಾಯನ್ನು ಇನ್ನಷ್ಟು ಬಿಗಿಯುವುದು. ಇದಕ್ಕೆ ವೈದ್ಯರು ಬಿಸಿನೀರಿನ ಮೂರ್ಛೆಯೆಂದು ಹೆಸರಿಟ್ಟಿರುವರು. ೧೯೪೫ರಲ್ಲಿ ದೂರದ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತಾದರೂ, ಇದನ್ನು ಚೆನ್ನಾಗಿ ಅರಿತುಕೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಅರಿತುಕೊಂಡ ಬಗೆಯನ್ನು ಇಲ್ಲಿ ಕೊಂಚ ವಿವರಿಸುವೆವು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಭಾರತ ಸರ್ಕಾರವು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯು ಮೈಸೂರು ಸರ್ಕಾರದ್ದು, ಪಾಠಶಾಲೆಯು ಕೇಂದ್ರದ್ದು. ಒಲೆ ಒಬ್ಬರದು, ಪಾತ್ರೆ ಇನ್ನೊಬ್ಬರದು ಎಂಬಂತಿದ್ದ ಈ ಸಂಸಾರವನ್ನು ೧೯೭೪ರಲ್ಲಿ ಒಂದುಗೂಡಿಸಿದರು. ಅದೇ ಇಂದು ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆ. ಬೋಧನೆ, ಸಂಶೋಧನೆ, ರೋಗಿಗಳ ಆರೈಕೆ ಈ ಮೂರೂ ಒಂದೇ ಸೂರಿನಡಿ ನಡೆಯತಕ್ಕವೆಂಬುದೇ ಅಲ್ಲಿಯ ಕಟ್ಟಳೆ. ಕಾಗದದ ಮೇಲೆ ಇದನ್ನು ಬರೆಯುವುದು ಸುಲಭ. ನಡೆಸುವುದು ಹೇಗೆಂಬುದಕ್ಕೆ ನಮ್ಮ ಬಚ್ಚಲುಮನೆಯ ವ್ಯಾಧಿಗಿಂತ ಉತ್ತಮವಾದ ನಿದರ್ಶನವು ನಮಗೆ ತೋರದು.

ಮೂರ್ಛೆಯ ಚಿಕಿತ್ಸೆಗೆಂದು ಬಂದವರಲ್ಲಿ ಅನೇಕರು ತಲೆಗೆ ಬಿಸಿನೀರು ಹಾಕಿಕೊಂಡಾಗಲೇ ರೋಗವು ಬರುವುದೆಂದು ಹೇಳುತ್ತಿದ್ದರು. ಅವಸರದ ವೈದ್ಯನಾಗಿದ್ದರೆ ಅದನ್ನು ಹಳ್ಳಿಯವರ ಕಲ್ಪನೆಯೆಂದು ತಳ್ಳಿಬಿಡುತ್ತಿದ್ದನು. ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ಹಾಗೆ ಮಾಡದೆ, ಕೇಳಿದುದನ್ನು ಗುರುತುಹಾಕಿಕೊಂಡು ೧೯೬೮ರಲ್ಲಿ ಮೊದಲ ವರದಿಯನ್ನು ಪ್ರಕಟಿಸಿದರು. ಅವರ ತರುವಾಯ ಡಾ. ಪಿ. ಸತೀಶಚಂದ್ರರೂ ಅವರ ಜೊತೆಯವರೂ ೧೯೮೮ರಲ್ಲಿ ೨೭೯ ರೋಗಿಗಳ ವೃತ್ತಾಂತವನ್ನು ಒಟ್ಟಿಗೆ ಪರಿಶೀಲಿಸಿದರು. ಗಂಡಸರಲ್ಲಿ ಇದು ಹೆಚ್ಚು. ನೀರಿನ ಶಾಖವು ಸಾಮಾನ್ಯವಾಗಿ ೪೦ರಿಂದ ೫೦ ಡಿಗ್ರಿ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಕಾಣಬರುವುದು. ಮೂರ್ಛೆ ತಲೆದೋರುತ್ತಿರುವಾಗ ಒಂದು ಬಗೆಯ ಹಿತವುಂಟಾಗಿ, ಮತ್ತಷ್ಟು ನೀರನ್ನು ತಾವೇ ಸುರಿದುಕೊಳ್ಳುವವರೂ ಇರುವರಂತೆ!

ಇಲ್ಲಿ ವಿದ್ಯಾರ್ಥಿಗೆ ದೊರೆಯುವ ಪಾಠವು ಸಾಮಾನ್ಯವಾದುದಲ್ಲ. ಮೂರ್ಛೆಯಿಲ್ಲದ ಹೊತ್ತಿನಲ್ಲಿ ಮಿದುಳಿನ ವಿದ್ಯುತ್ತನ್ನು ರೇಖಿಸುವ ಯಂತ್ರಕ್ಕೆ ಇಂಥ ಬಹುಮಂದಿಯಲ್ಲಿ ಯಾವ ದೋಷವೂ ಕಾಣದು. ಯಂತ್ರವು ಸುಮ್ಮನಿರುವಾಗ ಮಾತಾಡುವವಳು ತಾಯಿ. "ಯಾವಾಗ ಬಂತಮ್ಮ? ಏನು ಮಾಡುತ್ತಿದ್ದಾಗ ಬಂತು?" ಎಂದು ಕೇಳಬಲ್ಲ ಗುರುವಿನ ಪಕ್ಕದಲ್ಲಿ ನಿಂತಲ್ಲದೆ ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹೀಗೆ ಹೊರರೋಗಿಗಳ ಕೋಣೆಯಲ್ಲಿ ಹುಟ್ಟಿದ ಪ್ರಶ್ನೆಯು ಪ್ರಯೋಗಶಾಲೆಗೆ ಹೋಯಿತು. ಇಲಿಗಳಿಗೆ ಬಿಸಿನೀರಿನ ಸ್ನಾನ ಮಾಡಿಸಿ ಅವುಗಳಲ್ಲಿಯೂ ಮೂರ್ಛೆ ತರಿಸಿದ ಪ್ರಯೋಗಗಳು ೧೯೯೬ರಲ್ಲಿ ಪ್ರಕಟವಾದವು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರೊಡನೆ ಸೇರಿ, ವಂಶವಾಹಿನಿಗಳಲ್ಲಿ ಕಾರಣವನ್ನು ಅರಸುವ ಕೆಲಸವೂ ನಡೆಯಿತು.

ಆದರೆ ಆಂಗ್ಲ ಪತ್ರಿಕೆಯಲ್ಲಿ ಅಚ್ಚಾದ ಲೇಖನದಿಂದ ಮಾಗಡಿಯ ತಾಯಿಗೆ ಏನು ಪ್ರಯೋಜನ? ವಿದ್ಯೆಯು ಬಂದ ದಾರಿಯಲ್ಲಿಯೇ ಹಿಂದಿರುಗಿ ಹೋಗಬೇಕಷ್ಟೆ. ೧೯೯೩ರಿಂದ ೧೯೯೫ರವರೆಗೆ ಈ ಸಂಸ್ಥೆಯವರು ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೧,೦೨,೫೫೭ ಮಂದಿಯನ್ನು ವಿಚಾರಿಸಿದರು. ಎಲ್ಲ ಬಗೆಯ ಮೂರ್ಛೆಯೂ ಸೇರಿ, ಪಟ್ಟಣದಲ್ಲಿ ಸಾವಿರಕ್ಕೆ ೫.೭ ಮಂದಿ ರೋಗಿಗಳಿದ್ದರೆ, ಹಳ್ಳಿಗಳಲ್ಲಿ ೧೧.೯ ಮಂದಿ! ರೋಗವು ಇಮ್ಮಡಿಯಾಗಿರುವ ಕಡೆಯಲ್ಲಿ ತಜ್ಞರು ಇಲ್ಲ. ತಜ್ಞರಿರುವ ಕಡೆಗೆ ಬರಲು ಕೂಲಿಯವನಿಗೆ ಒಂದು ದಿನದ ಸಂಪಾದನೆಯೂ ಬಸ್ಸಿನ ಖರ್ಚೂ ನಷ್ಟ. ಇದನ್ನರಿತೇ ಸಂಸ್ಥೆಯವರು ಕನಕಪುರ, ಆನೇಕಲ್ಲು, ಮದ್ದೂರು, ಗೌರಿಬಿದನೂರು ಮೊದಲಾದ ಊರುಗಳಲ್ಲಿ ಸಂಚಾರಿ ಚಿಕಿತ್ಸಾಲಯಗಳನ್ನು ಏರ್ಪಡಿಸಿ, ವೈದ್ಯರನ್ನೇ ರೋಗಿಗಳ ಬಳಿಗೆ ಕಳುಹಿಸಿದರು. ಜಿಲ್ಲೆಗೊಂದು ವೈದ್ಯ ಕಾಲೇಜು ಬೇಕೆಂದು ಈಚೆಗೆ ಎಲ್ಲೆಡೆಯೂ ಕೇಳುವರು. ಕೇಳಲಿ, ಆದರೆ ಕಟ್ಟಡವೆಷ್ಟು, ಸೀಟುಗಳೆಷ್ಟು ಎಂದು ಎಣಿಸುವ ಮಹನೀಯರು, ಅಲ್ಲಿಯ ಅಧ್ಯಾಪಕರು ತಾಲ್ಲೂಕಿನ ರೋಗಿಯ ಮಾತಿಗೆ ಎಷ್ಟು ಹೊತ್ತು ಕಿವಿಗೊಡುವರೆಂಬುದನ್ನೂ ವಿಚಾರಿಸಿದರೆ ಒಳಿತೆಂದು ನಮ್ಮ ಅಭಿಪ್ರಾಯ.

ಇನ್ನು ಗೃಹಸ್ಥರಿಗೆ ಬೇಕಾದ ಸಂಗತಿ. ಈ ವ್ಯಾಧಿಯುಳ್ಳವರಿಗೆ ಸ್ನಾನವನ್ನೇ ಬಿಡಿಸಬೇಕಾಗಿಲ್ಲ. ನೀರು ಉಗುರುಬೆಚ್ಚಗಿರಲಿ, ತಲೆಗೆ ಧಾರೆಯಾಗಿ ಸುರಿಯಬಾರದು. ಕೆಲವರಿಗೆ ಇಷ್ಟೇ ಸಾಕು. ಇಷ್ಟರಿಂದ ನಿಲ್ಲದಿದ್ದರೆ, ತಲೆಸ್ನಾನಕ್ಕೆ ಮುಂಚೆ ಮಾತ್ರ ನುಂಗತಕ್ಕ ಕ್ಲೋಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಗೊತ್ತುಮಾಡುವುದುಂಟು. ಸ್ನಾನವಿಲ್ಲದ ಹೊತ್ತಿನಲ್ಲಿಯೂ ಮೂರ್ಛೆ ಬರುವವರಿಗೆ ದಿನನಿತ್ಯದ ಔಷಧ ಬೇಕಾಗುವುದು. ಅದನ್ನು ತಾವಾಗಿಯೇ ನಿಲ್ಲಿಸಕೂಡದು. ಬಚ್ಚಲಿನ ಅಗುಳಿಯನ್ನು ಒಳಗಿನಿಂದ ಹಾಕದಿರಲಿ, ಒಬ್ಬರು ಹತ್ತಿರವಿರಲಿ. ಮೂರ್ಛೆ ಬಂದೊಡನೆ ಒಲೆಯಿಂದಲೂ ಬಿಸಿನೀರಿನಿಂದಲೂ ದೂರ ಸರಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಗೆ ಕಬ್ಬಿಣ ಕೊಡುವುದರಿಂದ ಫಲವಿಲ್ಲ. ಹಲ್ಲುಗಳ ನಡುವೆ ಚಮಚ ತುರುಕುವುದರಿಂದ ಕೇಡೇ ಹೆಚ್ಚು. ಐದು ನಿಮಿಷಕ್ಕೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ವೈದ್ಯರು ಕೇಳದಿದ್ದರೂ, ಅದು ಸ್ನಾನದ ಹೊತ್ತಿನಲ್ಲಿ ಬಂದಿತೆಂಬುದನ್ನು ತಪ್ಪದೆ ಹೇಳಿರಿ.